ಅಯ್ಯಾರ ಎಡಗಾಲು

ಸೋಮವಾರ, ೩೦ ಜೂನ್ ೨೦೨೫
ಹುಬ್ಬಳ್ಳಿ, ದವಾಖಾನಿ

ಶುಕ್ರವಾರ ಎಡ ಮೊಣಕಾಲು ಕೊಯ್ದು, ಸವದ ಕೀಲು ತಗದು, ಲೋಹದ್ದು ಕೂಡಿಸ್ಯಾರ. ಇವತ್ತು ಮಗ ಪ್ರಸಾದ ಈ ನೋಟ್‌ಬುಕ್ ತಂದುಕೊಟ್ಟು, "ಅಪ್ಪಾ, ಯಾವ ಗುಳಗಿ ಯಾವಾಗ ತೊಗೊಂಡ್ರಿ, ನೋವು ಎಷ್ಟಿತ್ತು, ದಿನಾ ಬರದಿಡ್ರಿ. ಡಾಕ್ಟರ್ ಕೇಳತಾರ" ಅಂತ ಹೇಳಿ ಸಾಲಿಗೆ ಹೋದ. ಅಂವ ಮಾಸ್ತರ, ಎಲ್ಲಾರ ಕಡಿಂದನೂ ಬರಸಬೇಕು ಅಂವಗ. ಡಾಕ್ಟರಿಗೆ ತೋರಸೂ ಹಾಳಿ ಬ್ಯಾರೆ ಮಾಡತೇನಿ. ಇದು ಯಾರಿಗೂ ತೋರಸೂದಲ್ಲ.

ಇಲ್ಲಿ ಎಲ್ಲಾ ಹೇಸಿಗಿ. ಅರವತ್ತೇಳು ವರ್ಷ ಈ ದೇಹ ಶುಚಿ ಇಟ್ಟಾಂವ ನಾನು. ಜಳಕ ಆಗದ ನೀರು ಕುಡದಾಂವಲ್ಲ, ಲಿಂಗಪೂಜಿ ಆಗದ ತುತ್ತು ಮುಟ್ಟಿದಾಂವಲ್ಲ. ಅಂಥಾವಗ ಮೂರು ದಿನ ಒಂದು ನಳಗಿ ಹಾಕಿ, ಉಚ್ಚಿ ತುಂಬಿದ ಚೀಲ ಮಂಚದ ಬದಿಗೆ ಎಲ್ಲಾರಿಗೂ ಕಾಣೂಹಂಗ ತೂಗುಹಾಕಿದ್ರು. ನೋಡಾಕ ಬಂದವರು ನನ್ನ ಮುಖ ಬಿಟ್ಟು ಚೀಲ ನೋಡತಿದ್ರು. ಇವತ್ತು ಮುಂಜಾನಿ ಅದನ್ನ ತಗದು, ವಾಕರ್ ಹಿಡಿಸಿ ನಾಲ್ಕು ಹೆಜ್ಜಿ ನಡಿಸಿದ್ರು. ಹಿಂದ ಕಟ್ಟಿದ ಹಸರು ಅಂಗಿ ಬಿಚ್ಚಿಕೊಂಡು ಬೆನ್ನು, ಕುಂಡಿ ಎಲ್ಲಾ ಬಯಲು. ನನ್ನ ಹೆಂಡತಿ ಗೌರಕ್ಕ ಹಿಂದಿಂದ ಟಾವೆಲ್ ಹಿಡಕೊಂಡು ಬಂದ್ಲು. ಉಪ್ಪಿನಬೆಟಗೇರಿಯ ನಲವತ್ತು ಮನಿಯವರು ಪಾದಕ್ಕ ಹಣಿ ಹಚ್ಚೂ ಅಯ್ಯಾರ ಮೆರವಣಿಗಿ ಇದು.

ಜಂಗಮರು ನಾವು. ಆ ನಲವತ್ತು ಮನಿಗೋಳ ಹೆಸರಿಡೂದು, ಲಗ್ನ, ಗೃಹಪ್ರವೇಶ, ಸತ್ತಾಗಿನ ಕ್ರಿಯೆ ಎಲ್ಲಾ ನಮ್ಮಪ್ಪಂದು, ಅಂವನ ನಂತರ ನಂದು. ನಲವತ್ತು ವರ್ಷ ಮಣಿ ಮ್ಯಾಲ ಚಕ್ಕಳಮಕ್ಕಳ ಹಾಕಿ ಕುಂತು ಕುಂತು ಮೊಣಕಾಲಾಗ ಎಲುಬಿಗೆ ಎಲುಬು ತಿಕ್ಕಾಕ ಹತ್ತಿತ್ತು. ಆಷಾಢದಾಗ ಶುಭಕಾರ್ಯ ಇರೂದಿಲ್ಲ, ಈಗ ಮಾಡಿಸಿಕೊಂಡ್ರ ಶ್ರಾವಣಕ್ಕ ತಯಾರಾಗತೇನಿ ಅಂತ ನಾನs ದಿನ ತಗದೆ. ಡಾಕ್ಟರ್ ಎಷ್ಟು ದಿನ ಅಂದಿದ್ರೋ ನೆನಪಿಲ್ಲ. ನಾ ಒಂದು ತಿಂಗಳು ಅಂತ ಹಿಡದೇನಿ.

ಬುಧವಾರ, ೨ ಜುಲೈ
ಹುಬ್ಬಳ್ಳಿ, ನವನಗರ

ಮನಿಗೆ ಬಂದ್ವಿ. ಪಟ್ಟಿ ಬದಲಿ ಮಾಡೂಮುಂದ ಕಾಲು ಪೂರ್ತಿ ನೋಡಿದೆ. ನೋಡಬಾರದಿತ್ತು.

ಇದು ನನ್ನ ಕಾಲಲ್ಲ. ಮಳ್ಯಾಗ ಬಿದ್ದು ನೆನದ ಕುಂಬಳಕಾಯಿ. ಮೊಣಕಾಲು ಅನ್ನೂ ಆಕಾರನs ಇಲ್ಲ, ತೊಡಿಯಿಂದ ಹಿಮ್ಮಡಿ ತನಕ ಒಂದs ದಪ್ಪ. ಒಳತೊಡಿ ನೇರಳಿಹಣ್ಣಿನ ಬಣ್ಣ, ಮೀನಖಂಡ ಹಸರು, ಪಾದದ ಮ್ಯಾಲ ಹಳದಿ. ಬೆರಳಿಂದ ಒತ್ತಿದ್ರ ತಗ್ಗು ಬಿದ್ದು ಹಂಗs ಉಳೀತೈತಿ. ನಡುವ ಒಂದು ಗೇಣು ಉದ್ದ, ಚೀಲದ ಬಾಯಿಗೆ ಹೊಲದಂಗ, ತಂತಿಯ ಕೊಂಡಿಗೋಳು. ಬಿಸಿ ಬ್ಯಾರೆ. ಕೈ ಇಟ್ಟ್ರ ಒಲಿ ಮ್ಯಾಲಿನ ಹಂಚು.

ದವಾಖಾನ್ಯಾಗ ಒಂದು ಹಾಳಿ ಕೊಟ್ಟಾರ. ಕಾಲು ಎದಿಗಿಂತ ಎತ್ತರ ಇಡಬೇಕು. ದಿನಕ್ಕ ಐದಾರು ಸಲ, ಅರವಿ ಸುತ್ತಿದ ಬರ್ಫ ಇಪ್ಪತ್ತು ನಿಮಿಷ. ತಾಸಿಗೊಮ್ಮೆ ಪಾದ ಮ್ಯಾಲ ಕೆಳಗ ಆಡಸಬೇಕು. ನೋವು ಏರೂ ತನಕ ಕಾಯದ ಗುಳಗಿ ಹೊತ್ತಿಗೆ ಸರಿಯಾಗಿ ತೊಗೋಬೇಕು. ಮೊಣಕಾಲ ಬುಡಕ ದಿಂಬು ಇಡಬಾರದು. ಮೀನಖಂಡದಾಗ ಒಮ್ಮೆಲೆ ನೋವು, ಕೆಂಪು ಕಂಡ್ರ ಅಥವಾ ಉಸರು ಕಟ್ಟಿದ್ರ ಒಂದು ಗಳಿಗಿ ತಡಾ ಮಾಡದ ಬರಬೇಕು. ಗೌರಕ್ಕ ಹಾಳಿಯನ್ನ ಜಗಲಿ ಬಾಜೂ ಗ್ವಾಡಿಗೆ ಅಂಟಿಸ್ಯಾಳ. ದೇವರ ಫೋಟೋದ ಸಾಲಿನಾಗ.

ಪಡಸಾಲ್ಯಾಗ ಕಮೋಡಿನ ಕುರ್ಚಿ ತಂದಿಟ್ಟಾರ. ಅದರ ಬಾಜೂಕs ನನ್ನ ಮಂಚ. ಉಣ್ಣೂದೂ ಅಲ್ಲೇ, ಹೇಲೂದೂ ಅಲ್ಲೇ. ಸಂಜಿಗೆ ಓಣಿಯವರು ನಾಲ್ಕು ಮಂದಿ ಬಂದು ಆ ಕುರ್ಚಿ ದಾಟಿ, ಈ ಕೊಳತ ಕಾಲಿನ ಹೆಬ್ಬೆರಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ರು. ಕೈ ತೊಳಕೊಳ್ರಿ ಅಂತ ಒದರಬೇಕು ಅನಿಸಿತು. ಆಶೀರ್ವಾದ ಮಾಡಿದೆ.

ಶನಿವಾರ, ೫ ಜುಲೈ

ಏಳು ದಿನದಿಂದ ಹೊಟ್ಟಿ ಕಟ್ಟಿ ಕುಂತೈತಿ. ನೋವಿನ ಗುಳಗಿ ಕಾರಣ ಅಂತ ಪ್ರಸಾದ ಫೋನಿನ್ಯಾಗ ಕೇಳಿ ತಿಳಕೊಂಡ. ಇವತ್ತು ಗೌರಕ್ಕ ಕೈಗೆ ರಬ್ಬರ್ ಚೀಲ ಹಾಕ್ಕೊಂಡು ಎನಿಮಾ ಕೊಟ್ಲು. ಹೆಚ್ಚು ಬರಿಯೂದಿಲ್ಲ. ಲಗ್ನ ಆಗಿ ನಲವತ್ತೊಂದು ವರ್ಷ ಆತು, ಅಕಿ ನನ್ನ ಕಡೆ ನೋಡಲಿಲ್ಲ, ನಾ ಅಕಿ ಕಡೆ ನೋಡಲಿಲ್ಲ. ಆಮ್ಯಾಲ ಅಕಿ ಊದಿನಕಡ್ಡಿ ಹಚ್ಚಿದ್ಲು. ವಾಸನಿ ಹೋಗಲಿಲ್ಲ, ಎರಡೂ ಕೂಡಿ ಮತ್ತಿಷ್ಟು ವಾಕರಿಕಿ ಬಂತು.

ಆ ಗುಳಗಿ ಇನ್ನ ಮುಟ್ಟೂದಿಲ್ಲ. ನೋವು ತಡಕೋಬಹುದು, ಇದನ್ನ ತಡಕೊಳ್ಳಾಕ ಆಗೂದಿಲ್ಲ. ಗೌರಕ್ಕ ಕೊಟ್ಟಾಗ ಬಾಯಾಗ ಇಟ್ಟುಕೊಂಡು, ಅಕಿ ಒಳಗ ಹೋದ ಮ್ಯಾಲ ಕಿಡಕ್ಯಾಗಿಂದ ಕಣಗಿಲ ಗಿಡದ ಬುಡಕ ಉಗುಳಿದೆ.

ಸೋಮವಾರ, ೭ ಜುಲೈ

ಉಳವಪ್ಪ ಬಂದಿದ್ದ. ಉಪ್ಪಿನಬೆಟಗೇರಿಯ ನಲವತ್ತು ಮನ್ಯಾಗ ಅಂವಂದs ಮೊದಲನೇ ಮನಿ. ಮೂವತ್ತು ವರ್ಷದಿಂದ ಶ್ರಾವಣದ ಮೊದಲನೇ ಸೋಮವಾರ ನನ್ನ ಪಾದಪೂಜಿ ಅಂವನ ಮನ್ಯಾಗ. ಅಂವಗ ಅರವತ್ಮೂರು. ಎರಡೂ ಮೊಣಕಾಲು ಹೊರಗ ಬಾಗಿ, ನಡದ್ರ ತುಂಬಿದ ಚಕ್ಕಡಿ ಹೊಯ್ದಾಡಿದಂಗ ಹೊಯ್ದಾಡತಾನ. ಬಾಗಲದಾಗ ಚಪ್ಪಲಿ ಬಿಡಾಕs ಅಂವಗ ಎರಡು ನಿಮಿಷ ಬೇಕಾತು.

ಕುಂತಾಂವ ನನ್ನ ಕಾಲು ಬಾಳ ಹೊತ್ತು ನೋಡಿದ. ಸಂತ್ಯಾಗ ಎತ್ತಿನ ಕಾಲು ನೋಡತಾರಲ್ಲ, ಹಂಗ.

"ನೋವು ಬಾಳ ಏನ್ರಿ ಅಯ್ಯಾರ?"

ಆಗ ಮೊಣಕಾಲಾಗ ಯಾರೋ ಕಾಸಿದ ಕುಡಗೋಲು ತಿರುವಿದಂಗ ಆಗಾಕತ್ತಿತ್ತು. ಬೆನ್ನೆಲ್ಲಾ ಬೆವತಿತ್ತು. ನನ್ನ ಬಾಯಿ ತಾನs ಹೇಳಿತು: "ನೋವು ಎಲ್ಲಿದೋ ಉಳವಪ್ಪ. ಇರುವಿ ಕಡದಂಗ, ಅಷ್ಟs. ಶಿವ ನಡಸತಾನ."

"ನನಗೂ ಡಾಕ್ಟರ್ ಮಾಡಿಸಿಕೋ ಅಂತಾರ್ರಿ. ಎರಡು ವರ್ಷ ಆತು ಅಂಜಿಕೊಂಡು ತಿರಗತೇನಿ. ಹೊಲದಾಗ ಬದುವು ಏರಾಕ ಆಗವಲ್ದು. ನೀವು ಹೂಂ ಅಂದ್ರ ಮಾಡಿಸಿಕೊಂಡs ಬಿಡತೇನ್ರಿ. ನಿಮ್ಮ ಬಾಯಿಂದ ಬಂದದ್ದು ನನಗ ಸಾಕು."

"ಮಾಡಿಸಿಕೋ" ಅಂದೆ. ಪಂಚಾಂಗ ತರಿಸಿ ಆಗಸ್ಟ್ ನಾಲ್ಕು ಸೋಮವಾರ ಛಲೋ ಐತಿ ಅಂತ ದಿನಾನೂ ತಗದುಕೊಟ್ಟೆ. ಅಂವ ಕಣ್ಣಾಗ ನೀರು ತಂದುಕೊಂಡು ಬಾಗಿ ಪಾದ ಮುಟ್ಟಿದ. ಬಾಗೂಮುಂದ ಅಂವನ ಮೊಣಕಾಲು ಒಣಕಟ್ಟಿಗಿ ಮುರದಂಗ ಸಪ್ಪಳ ಮಾಡಿದ್ವು.

ಮಂಗಳವಾರ, ೮ ಜುಲೈ

ಹೇಸಿಗಿ. ಕಾಲಿನ ಹೇಸಿಗಿ ಅಲ್ಲ ಇವತ್ತಿಂದು.

ಶುಕ್ರವಾರ, ೧೧ ಜುಲೈ

ದವಾಖಾನಿಗೆ ಕರಕೊಂಡು ಹೋಗಿ ಕೊಂಡಿ ತಗಿಸಿದ್ರು. ಟಕ್ ಟಕ್ ಅಂತ ಇಪ್ಪತ್ತೆಂಟು. ಸಣ್ಣ ತಟ್ಯಾಗ ಹಾಕಿ ನನಗs ತೋರಿಸಿದ್ರು, ಏನೋ ಕಾಣಿಕಿ ಕೊಟ್ಟಂಗ.

ಮನಿಗೆ ದಿನಾ ಬರೂ ವ್ಯಾಯಾಮದ ಹುಡಗ ಜಾವೀದನೂ ಅಲ್ಲೇ ಇದ್ದ. ಹುಡಗ ಅಂತ ನಾ ಅಂತೇನಿ, ಅಂವಗ ಎರಡು ಮಕ್ಕಳದಾವ. ಎರಡು ಪಟ್ಟಿ ಕೂಡಿಸಿದ ಅಳತಿಗೋಲು ಇಟ್ಟು ನನ್ನ ಮೊಣಕಾಲು ಎಷ್ಟು ಮಡಚತೈತಿ ಅಂತ ಅಳದ. ಐವತ್ತೆಂಟು ಡಿಗ್ರಿ.

"ಅಜ್ಜಾರ, ಎರಡು ವಾರದಾಗ ಎಂಬತ್ತರ ಹತ್ತರ ಬರಬೇಕ್ರಿ. ಬಾವೂ ಇಳದಿಲ್ಲ. ನಾ ಒತ್ತಿದಾಗೆಲ್ಲಾ ನೀವು ಕಾಲು ಬಿಗಿ ಹಿಡೀತೀರಿ. ಗುಳಗಿ ತೊಗೊಳ್ಳಾಕತ್ತೀರೇನ್ರಿ?"

"ಹೂಂ."

"ದಿಂಬು?"

"ಹಿಮ್ಮಡಿ ಬುಡಕ."

ಎರಡೂ ಸುಳ್ಳು. ಮೊಣಕಾಲ ಬುಡಕ ದಿಂಬು ಇಟ್ಟ್ರ ಒಂದೀಟು ಆರಾಮ ಅನಸತೈತಿ, ಅದಕ್ಕ ಎಲ್ಲಾರೂ ಅತ್ತಾಗ ಹೋದ ಮ್ಯಾಲ ಎಳಕೊಂಡು ಇಟ್ಟುಕೊಳ್ಳತೇನಿ. ಕಾಲು ಈಗ ನೆಟ್ಟಗೂ ಆಗೂದಿಲ್ಲ, ಮಡಚೂದೂ ಇಲ್ಲ. ಹಳೇ ಕುಡಗೋಲಿನಂಗ ಅರ್ಧ ಬಾಗಿ ನಿಂತೈತಿ.

ಸೋಮವಾರ, ೧೪ ಜುಲೈ

ಗೌರಕ್ಕ ಹೂವು ಹರಿಯಾಕ ಹೋದಾಗ ಕಣಗಿಲ ಬುಡಕ ಗುಳಗಿ ಕಂಡಾವ. ಮಳಿಗೆ ಕರಗಿ ಬಿಳೇ ರಾಡಿ ಆಗಿದ್ವಂತ. ಅಕಿ ಸೀರಿ ಸೆರಗಿನ್ಯಾಗ ಮಣ್ಣಿನ ಸಮೇತ ತಂದು ನನ್ನ ಎದಿ ಮ್ಯಾಲಿನ ಚಾದರಕ್ಕ ಸುರುವಿದ್ಲು. ಜಾವೀದ ಎದುರಿಗೇ ಇದ್ದ.

"ನಾ ನಿಮ್ಮ ಹೇಲು ಬಾಚಿದ್ದು ಇದಕ್ಕೇನ್ರಿ?" ಅಂದ್ಲು. ನಲವತ್ತೊಂದು ವರ್ಷದಾಗ ಅಕಿ ಬಾಯಾಗ ಅಂಥಾ ಮಾತು ನಾ ಕೇಳಿದ್ದಿಲ್ಲ. "ನೋವಾಗತೈತಿ ಅಂತ ಒಂದು ಮಾತು ಅಂದ್ರ ನಿಮ್ಮ ಜಂಗಮತನ ಎಲ್ಲಿ ಹೊಕ್ಕೈತ್ರಿ? ನಿಮ್ಮ ಪಾಲಿನ ನೋವು ನೋಡಕೋತ ದಿನಾ ನಾ ಸಾಯಾಕತ್ತೇನಿ. ನಿಮ್ಮ ಮಾರಿ ನೋಡಿದ್ರ ಗೊತ್ತಾಗೂದಿಲ್ಲ ಅಂತ ತಿಳದೀರಿ?"

ಹೊಟ್ಟಿ ಕಟ್ಟೂ ವಿಚಾರ ಹೇಳಿದೆ. ಜಾವೀದನ ಮುಂದ ಹೇಳಬೇಕಾತು. ಅಂವ ನಗಲಿಲ್ಲ, ಅಸಹ್ಯಾನೂ ಪಡಲಿಲ್ಲ. "ಅಜ್ಜಾರ, ಹತ್ತು ಮಂದ್ಯಾಗ ಏಳು ಮಂದಿ ಇದನ್ನs ಹೇಳತಾರ್ರಿ. ಡಾಕ್ಟರಿಗೆ ಕೇಳೋಣು, ಗುಳಗಿ ಬದಲಿ ಮಾಡತಾರ, ಹೊಟ್ಟಿ ಸಡಲಾಗೂ ಔಷಧಾನೂ ಕೊಡತಾರ. ಇಷ್ಟು ದಿನ ಯಾಕ ಬಾಯಿ ಮುಚ್ಚಿಕೊಂಡಿದ್ರಿ?" ಅಲ್ಲೇ ಫೋನ್ ಹಚ್ಚಿದ. ಐದು ನಿಮಿಷದಾಗ ಮುಗೀತು.

ಐದು ನಿಮಿಷದ ಮಾತಿಗೆ ನಾ ಒಂಬತ್ತು ದಿನ ಹಲ್ಲು ಕಚ್ಚಿದ್ದೆ.

ಗೌರಕ್ಕ ಈಗ ಹೊತ್ತಿಗೆ ಸರಿಯಾಗಿ ಗುಳಗಿ ತಂದು, ನನ್ನ ಬಾಯಿ ತಗಿಸಿ, ನಾಲಿಗಿ ಎತ್ತಿಸಿ ನೋಡಿ ಹೋಗತಾಳ. ದನಕ್ಕ ಔಷಧಾ ಕುಡಿಸಿದಂಗ.

ಶನಿವಾರ, ೧೯ ಜುಲೈ

ವ್ಯಾಯಾಮಕ್ಕ ಒಂದು ತಾಸು ಮೊದಲ ಗುಳಗಿ. ಆಮ್ಯಾಲ ಜಾವೀದ. ಆಮ್ಯಾಲ ಬರ್ಫ. ಆಮ್ಯಾಲ ಎರಡು ಲೋಡು, ಅದರ ಮ್ಯಾಲ ಕಾಲು. ನಾ ಕೆಳಗ, ಕಾಲು ಮ್ಯಾಲ. ಕಾಲೇ ದೊಡ್ಡ ಮನಶ್ಯಾ ಆಗೇತಿ ಈ ಮನ್ಯಾಗ.

ಬರ್ಫದ ನೀರು ಸೋರಿ ಹಾಸಿಗಿ ದಿನಾ ಹಸಿ. ಚಾದರಕ್ಕ ತೊಯ್ದ ನಾಯಿಯ ನಾತ. ಗಾಯದ ಸುತ್ತಲಿನ ಚರ್ಮ ಹಾವಿನ ಪೊರಿ ಬಿಟ್ಟಂಗ ಸುಲೀತೈತಿ, ಮುಂಜಾನಿ ಎದ್ದ್ರ ಹಾಸಿಗ್ಯಾಗ ಬಿಳೇ ಪುಡಿ. ಗೌರಕ್ಕ ಝಾಡಿಸಿ ಕಸಬರಿಗಿಯಿಂದ ಬಳೀತಾಳ. ನನ್ನನ್ನs ಬಳದು ಹೊರಗ ಹಾಕಿದಂಗ.

ಜಾವೀದ ಇವತ್ತು ಒತ್ತಿದಾಗ, "ನೋವು ಹತ್ತರಾಗ ಎಷ್ಟ್ರಿ?" ಅಂದ. "ಎಂಟು" ಅಂದೆ. ಅಂವ ಕೈ ಸಡಲ ಬಿಟ್ಟ, ಉಸರು ಬಿಡಿಸಿದ, ಮತ್ತ ಒತ್ತಿದ. ಎಪ್ಪತ್ತು ಡಿಗ್ರಿ. ಮೊದಲಿನಿಂದ ಎಂಟು ಅಂದಿದ್ರ ಅಂವ ಮೊದಲಿನಿಂದs ಸಡಲ ಬಿಡತಿದ್ದ ಕಾಣತೈತಿ.

ಸೋಮವಾರ, ೨೧ ಜುಲೈ

ಡಾಕ್ಟರ್ ನೋಡಿದ್ರು. ಕೊಯ್ದ ದಿನದಿಂದ ಆರು ವಾರದಾಗ ತೊಂಬತ್ತು ಡಿಗ್ರಿ ಬರಲಿಲ್ಲಂದ್ರ ಮತ್ತ ಮಂಪರು ಕೊಟ್ಟು ತಾವs ಬಲಾ ಹಾಕಿ ಮಡಚತಾರಂತ. ಅಂದ್ರ ಮತ್ತ ದವಾಖಾನಿ, ಮತ್ತ ಆ ಹಸರು ಅಂಗಿ.

ಹೊರಡೂಮುಂದ ಕೇಳಿದೆ, "ಚಕ್ಕಳಮಕ್ಕಳ ಯಾವಾಗಿಂದ ಕೂಡಬಹುದ್ರಿ?"

ಅವರು ಪ್ರಸಾದನ ಮುಖಾ ನೋಡಿದ್ರು. "ನಾ ಮೊದಲ ಹೇಳಿದ್ದೆ ಅಲ್ರಿ? ನೆಲದ ಮ್ಯಾಲ ಇನ್ನ ಕೂಡೂಹಂಗಿಲ್ಲ. ಕುರ್ಚಿ ಮ್ಯಾಲ ಕುಂತು ಪೂಜಿ ಮಾಡ್ರಿ."

ಹೇಳಿದ್ರಂತ. ಪ್ರಸಾದನೂ ಹೇಳಿದ್ರು ಅಂದ. ನನಗ ಕೇಳಿಸಿಲ್ಲ.

ಕುರ್ಚಿ ಮ್ಯಾಲ ಕುಂತ ಅಯ್ಯ. ಕಚೇರಿ ಕಾರಕೂನನಂಗ. ಭಕ್ತರು ಕೆಳಗ, ನಾ ಪ್ಲಾಸ್ಟಿಕ್ ಕುರ್ಚ್ಯಾಗ ಕಾಲು ಚಾಚಿಕೊಂಡು. ಛೀ.

ಉಪ್ಪಿನಬೆಟಗೇರಿಯ ನಾಲ್ಕು ಮನಿಯವರು ಈ ಶ್ರಾವಣಕ್ಕ ಗರಗದ ಅಯ್ಯಾರಿಗೆ ಹೇಳ್ಯಾರಂತ. ಅಂವಗ ಮೂವತ್ತೈದು ವರ್ಷ. ಮೊಣಕಾಲು ಎರಡೂ ಅಂವನs.

ಸೋಮವಾರ, ೨೮ ಜುಲೈ

ಶ್ರಾವಣದ ಮೊದಲನೇ ಸೋಮವಾರ. ನಾ ಹೋಗಾಕಾಗೂದಿಲ್ಲ ಅಂತ ಉಳವಪ್ಪ, ಅಂವನ ಹೆಂಡತಿ ಮಾಳವ್ವ ಇಬ್ರೂ ತಾಮ್ರದ ಪರಾತ, ಬಿಲ್ವಪತ್ರಿ, ಹೂವು ಹಿಡಕೊಂಡು ಇಲ್ಲೇ ಬಂದ್ರು. ನನ್ನ ಕುರ್ಚ್ಯಾಗ ಕೂಡಿಸಿ ಎರಡೂ ಪಾದ ಪರಾತದಾಗ ಇಟ್ಟ್ರು. ಬಲಗಾಲು ಕಾಲಿನಂಗ ಇತ್ತು. ಎಡಗಾಲು ಇನ್ನೂ ಬಾತು, ಉಗರಿನ ಸುತ್ತ ಹಳದಿ, ಹಿಮ್ಮಡ್ಯಾಗ ಸುಲದ ಚರ್ಮ. ಉಳವಪ್ಪ ಕೆಳಗ ಕೂಡಾಕ ಆಗದ ಮಂಚದ ಕಾಲು ಹಿಡಕೊಂಡು, ಹಲ್ಲು ಕಚ್ಚಿ, ಒಂದು ಕಡೆ ಬಿದ್ದಂಗ ಕುಂತ. ನೀರು ಹಾಕಿ ತೊಳದ. ನೀರಾಗ ಬಿಳೇ ಚರ್ಮದ ಚೂರು ತೇಲಿದ್ವು.

ಅದನ್ನ ಬಟ್ಟಲದಾಗ ತೊಗೊಂಡು ಅಂವ ತೀರ್ಥ ಅಂತ ಬಾಯಿಗೆ ಒಯ್ಯಾಕತ್ತಿದ್ದ. ನನಗ ವಾಕರಿಕಿ ಬಂತು. ನನ್ನ ಕಾಲಿಂದೋ, ನನ್ನ ಬಾಯಿಂದೋ ತಿಳೀಲಿಲ್ಲ.

"ನಿಲ್ಲೋ ಉಳವಪ್ಪ" ಅಂದೆ. "ಆವತ್ತು ನೋವಿಲ್ಲ ಅಂದೆ. ಸುಳ್ಳು ಹೇಳಿದೆ. ಜೀವ ಹೋಗೂವಷ್ಟು ನೋವಿತ್ತು. ಈಗೂ ಐತಿ."

ಅಂವ ಬಟ್ಟಲ ಹಿಡಕೊಂಡs ಕುಂತ. "ಯಾಕ್ರಿ?" ಅಂದ.

ನಾ ಪರಾತದಾಗಿನ ನೀರು ನೋಡಕೋತ ಕುಂತೆ.

"ನಿಮ್ಮ ಮಾತಿನ ಮ್ಯಾಲ ನಾ ದವಾಖಾನ್ಯಾಗ ಹೆಸರು ಬರಸಿ ಬಂದೇನಿ. ಇಕಿ ಬ್ಯಾಡ ಅಂತ ಅತ್ತ್ರ, ಅಯ್ಯಾರು ಸುಳ್ಳು ಹೇಳತಾರೇನs ಅಂತ ಬೈದೇನಿ." ಅಂವನ ದನಿ ಏರಲಿಲ್ಲ. ಏರಿದ್ರ ಛಲೋ ಇತ್ತು. "ನಮ್ಮವ್ವ ಸತ್ತಾಗ ನೀವು ಬಾಜೂಕ ಇದ್ರಿ. 'ನೋವಿಲ್ಲದ ಹೋದ್ಲು, ಪುಣ್ಯವಂತಿ' ಅಂದ್ರಿ. ಹನ್ನೆರಡು ವರ್ಷ ಆ ಮಾತು ಹಿಡಕೊಂಡು ಬದುಕೇನಿ. ಅದೂ ಹಿಂಗs ಏನ್ರಿ?"

ಬಟ್ಟಲ ಕೆಳಗಿಟ್ಟ. ಮಾಳವ್ವನ ಹೆಗಲು ಹಿಡಕೊಂಡು ಎದ್ದ. ಎದ್ದು ನಿಲ್ಲಾಕ ಬಾಳ ಹೊತ್ತು ಬೇಕಾತು. ತೀರ್ಥ ತೊಗೊಳ್ಳದ ಹೋದ. ಮೂವತ್ತು ವರ್ಷದಾಗ ಇದs ಮೊದಲು.

ಪಾದ ಪರಾತದಾಗs ಇದ್ವು. ಗೌರಕ್ಕ ಬಂದು ಒರಸಿದ್ಲು.

ಮಂಗಳವಾರ, ೨೯ ಜುಲೈ

ನಾಗರಪಂಚಮಿ. ಉಂಡಿ, ಅಳ್ಳು. ಬಾಯಿಗೆ ಹತ್ತಲಿಲ್ಲ. ಜಾವೀದ ಎಂಬತ್ತೆರಡು ಅಂದ. ಇರಲಿ.

ಶನಿವಾರ, ೨ ಆಗಸ್ಟ್

ಮೂರು ದಿನ ಫೋನ್ ಮಾಡಿದೆ, ಉಳವಪ್ಪ ಎತ್ತಲಿಲ್ಲ. ನಿನ್ನೆ ಮಾಳವ್ವ ಎತ್ತಿದ್ಲು. "ದವಾಖಾನ್ಯಾಗಿನ ಹೆಸರು ತಗಿಸ್ಯಾರ್ರಿ ಅಯ್ಯಾರ. ಹೊಲಕ್ಕೂ ಹೋಗವಲ್ಲರು. ಕಟ್ಟಿ ಮ್ಯಾಲ ಸುಮ್ಮನ ಕುಂತಿರತಾರ" ಅಂದ್ಲು.

ಇವತ್ತು ಪ್ರಸಾದನ ಕಾರಿನ್ಯಾಗ ಹೋದೆ. ಗೌರಕ್ಕ ಬ್ಯಾಡಂದ್ಲು, ಜಾವೀದ ನಡುವ ಒಮ್ಮೆ ಇಳದು ನಾಲ್ಕು ಹೆಜ್ಜಿ ಅಡ್ಡಾಡ್ರಿ ಅಂದ. ದಾರಿ ತುಂಬ ತಗ್ಗು, ಒಂದೊಂದು ತಗ್ಗಿಗೂ ಮೊಣಕಾಲಿನಿಂದ ನೆತ್ತಿ ತನಕ ನೋವು. ಉಳವಪ್ಪನ ಮನಿ ಮುಂದ ಎರಡು ಪಾವಟಿಗಿ. ವಾಕರ್ ಹಿಡಕೊಂಡು ಛಲೋ ಕಾಲು ಮೊದಲ, ಕೆಟ್ಟ ಕಾಲು ಆಮ್ಯಾಲ, ಹಂಗ ಏರಿದೆ. ರಸ್ತಾದಾಗಿನವರು ನಿಂತು ನೋಡಿದ್ರು. ಧೋತರಕ್ಕ ರಾಡಿ ಹತ್ತಿತ್ತು.

ಅಂವ ಕಟ್ಟಿ ಮ್ಯಾಲಿಂದ ಏಳಲಿಲ್ಲ. ಶರಣ್ರೀ ಅನಲಿಲ್ಲ. ಮಾಳವ್ವ ಓಡಿಹೋಗಿ ಕುರ್ಚಿ ತಂದ್ಲು.

"ನಿಮ್ಮವ್ವಗ ಬಾಳ ನೋವಾತು" ಅಂದೆ. "ಕಡೀ ಎರಡು ದಿನ ಒದ್ದಾಡಿದ್ಲು. ನಿನ್ನ ಮುಖಾ ನೋಡಿ ನನಗ ಹೇಳಾಕ ಆಗಲಿಲ್ಲ."

"ಗೊತ್ತೈತ್ರಿ" ಅಂದ. "ನಾ ಅಲ್ಲೇ ಇದ್ದೆ ಅಲ್ರಿ."

"ಮತ್ತ್ಯಾಕ ನಂಬಿದಿ?"

"ನಂಬಿದ್ದಿಲ್ರಿ. ನೀವು ಅಂದ್ರಿ ಅಂತ ಹಿಡಕೊಂಡಿದ್ದೆ."

ಆಮ್ಯಾಲ ನಾ ಎಲ್ಲಾ ಹೇಳಿದೆ. ಉಚ್ಚಿ ಚೀಲ, ಎನಿಮಾ, ಕಣಗಿಲ ಬುಡಕ ಉಗುಳಿದ ಗುಳಗಿ, ಕಳ್ಳತನದಿಂದ ಇಟ್ಟುಕೊಂಡ ದಿಂಬು, ಬರ್ಫದ ನಾತ, ಕಾಲಿನ ಮ್ಯಾಲಿನ ಬಣ್ಣ ಒಂದೊಂದೂ. ಧೋತರ ಎತ್ತಿ ಗಾಯಾನೂ ತೋರಿಸಿದೆ. ಹೇಳಕೋತ ಹೋದಂಗ ನನಗs ಹೇಸಿಗಿ ಬರಾಕತ್ತಿತ್ತು. ಮಾಳವ್ವ ಮಾರಿ ತಿರುವಿದ್ಲು. ಉಳವಪ್ಪ ಮಾತ್ರ ಬಾಗಿ, ಕಣ್ಣು ಸಣ್ಣ ಮಾಡಿ ಗಾಯ ನೋಡಿದ.

"ಮಾಡಿಸಿಕೊಳ್ಳಲ್ಯೋ ಬ್ಯಾಡೋ, ಅದನ್ನ ಹೇಳ್ರಿ" ಅಂದ.

"ನನಗ ಗೊತ್ತಿಲ್ಲ. ಮೊದಲಿನ ನೋವು, ಎಲುಬು ತಿಕ್ಕೂದು, ಅದು ಹೋಗೇತಿ. ಅದು ಖರೇ. ಈಗಿಂದು ಬ್ಯಾರೆ ನೋವು. ದಿನಾ ಒಂದೀಟು ಕಡಿಮಿ ಆಗಾಕತ್ತೈತಿ, ಅದೂ ಖರೇ. ಮುಂದಿಂದು ಗೊತ್ತಿಲ್ಲ. ನೆಲಕ್ಕ ಕೂಡಾಕ ಬರೂದಿಲ್ಲಂತ, ಅದು ಮಾತ್ರ ಡಾಕ್ಟರ್ ಹೇಳ್ಯಾರ."

"ಪಂಚಾಂಗ?"

"ತಂದಿಲ್ಲ."

ಅಂವ ನನ್ನ ಕಾಲು ಮತ್ತೊಮ್ಮೆ ನೋಡಿ, "ಏಯ್, ಅಯ್ಯಾರ ಕಾಲು ಬಾತೈತಿ. ಮ್ಯಾಲ ಇಡಾಕ ಏನರೆ ತಾ" ಅಂತ ಮಾಳವ್ವಗ ಒದರಿದ. ಅಕಿ ಶೇಂಗಾದ ಅರ್ಧ ಚೀಲ ತಂದಿಟ್ಲು. ಚೀಲದ ತುಂಬ ಧೂಳು, ಇಲಿ ಹಿಕ್ಕಿ. ಅದರ ಮ್ಯಾಲ ಕಾಲು ಚಾಚಿ ಒಂದು ತಾಸು ಕುಂತಿದ್ದೆ. ಚಹಾ ಕುಡದೆ.

ಶುಕ್ರವಾರ, ೮ ಆಗಸ್ಟ್

ಆರು ವಾರ. ತೊಂಬತ್ಮೂರು ಡಿಗ್ರಿ. ಮಂಪರು ಕೊಡೂದಿಲ್ಲಂತ. ಬಾವು ಇನ್ನೂ ತಿಂಗಳುಗಟ್ಟಲೆ ಬಂದು ಹೋಗಿ ಮಾಡತೈತಿ, ಬಿಸಿನೂ ಇರತೈತಿ, ಅಂಜಬ್ಯಾಡ್ರಿ ಅಂದ್ರು. ವಾಕರ್ ಬಿಡಿಸಿ ಬಡಿಗಿ ಕೊಟ್ಟ್ರು.

ಗೌರಕ್ಕ ಕಮೋಡಿನ ಕುರ್ಚಿ ಹಿತ್ತಲಕ್ಕ ಹಾಕಿದ್ಲು. ಬಿಸಿನೀರಿನ್ಯಾಗ ಮೂರು ಸಲ ತಿಕ್ಕಿ ತೊಳದ್ಲು. ನಾ ಬಡಿಗಿ ಊರಿಕೊಂಡು ನಿಂತು ನೀರು ಹಾಕಿದೆ. "ಇತ್ತಾಗ ಹಾಕ್ರಿ, ನನ್ನ ಸೀರಿಗೆ ಅಲ್ಲ" ಅಂದ್ಲು.

ಸೋಮವಾರ, ೨೫ ಆಗಸ್ಟ್

ಮಾಳವ್ವನ ಫೋನ್. ಉಳವಪ್ಪ ತಾನs ಹೋಗಿ ಹೆಸರು ಬರಸಿ ಬಂದಾನಂತ. ಗಣಪತಿ ಹಬ್ಬ ಮುಗದ ಮ್ಯಾಲ, ಸೆಪ್ಟೆಂಬರ್ ಒಂದು. ಡಾಕ್ಟರಿಗೆ ಯಾವಾಗ ಖಾಲಿ ಐತೋ ಆ ದಿನ. ದಿನ ಹೆಂಗೈತಿ ಅಂತ ನನ್ನ ಕೇಳಲಿಲ್ಲ. ನಾನೂ ಪಂಚಾಂಗ ತಗದು ನೋಡಲಿಲ್ಲ.

ಸೋಮವಾರ, ೮ ಸೆಪ್ಟೆಂಬರ್

ಉಳವಪ್ಪ ಶನಿವಾರ ಮನಿಗೆ ಬಂದಾನ ಅಂತ ಮುಂಜಾನಿ ರಿಕ್ಷಾ ಮಾಡಿಸಿಕೊಂಡು ಉಪ್ಪಿನಬೆಟಗೇರಿಗೆ ಹೋದೆ. ಓಣಿ ಮೂಲಿಗೇ ಅಂವನ ದನಿ ಕೇಳಿಸಿತು. ಹಿಂಗ ಒದರೂ ಮನಶ್ಯಾನ್ನ ನಾ ನೋಡಿಲ್ಲ. ಡಾಕ್ಟರಿಗೆ, ದವಾಖಾನಿಗೆ, ತನ್ನ ಕಾಲಿಗೆ, ನಡುವ ನಡುವ ನನಗೂ ಬೈಗುಳ. ಮಾಳವ್ವಗ ನಾಚಿಕಿ, ಬಾಗಲದಾಗs ನಿಂತು, "ಅಯ್ಯಾರ ಬಂದಾರ್ರಿ, ಸುಮ್ಮನಾಗ್ರಿ" ಅಂತ ಅಂವಗ ಸನ್ನಿ ಮಾಡಾಕತ್ತಿದ್ಲು. ಅಂವ ಸುಮ್ಮನಾಗಲಿಲ್ಲ.

ಒಳಗ ಅದs ನಾತ. ಔಷಧ, ಬೆವರು, ಹಸಿ ಅರವಿ. ಮೂಗು ಮುಚ್ಚಿಕೋಬೇಕು ಅನಿಸಿತು. ಕೊಯ್ದ ಬಲ ಮೊಣಕಾಲ ಬುಡಕ ದಪ್ಪನ್ನ ದಿಂಬು ಇಟ್ಟಿದ್ರು. ನೋಡಿ ನನಗ ಸಿಟ್ಟು ಬಂತು. "ಯಾರ ಇಟ್ಟಿದ್ದು ಇದನ್ನ?" ಅಂತ ಕಿತ್ತು ತಗದೆ. ಬರ್ಫ ಕರಗಿ ನೀರಾಗಿ ಎಷ್ಟೊತ್ತಾಗಿತ್ತೋ. ಗುಳಗಿ ಯಾವಾಗ ಕೊಟ್ಟಿ ಅಂದ್ರ ಮಾಳವ್ವಗ ನೆನಪಿಲ್ಲ. ದವಾಖಾನಿಯವರು ಕೊಟ್ಟ ಹಾಳಿ ಎಲ್ಲೈತಿ ಅಂದ್ರ ಅದನ್ನ ಮಡಚಿ ಕಿಡಕಿ ಸಂದ್ಯಾಗ ತುರಕ್ಯಾರ. ತಗದು, ಕನ್ನಡಿ ಬಾಜೂ ಗ್ವಾಡಿಗೆ ಅಂಟಿಸಿದೆ. ಗುಳಗಿ ಕೊಡಿಸಿದೆ. ಹೊಟ್ಟಿ ಹೆಂಗೈತಿ ಅಂತ ಕೇಳಿದೆ. ನಾಲ್ಕು ದಿನ ಆತು ಅಂದ. ಇವತ್ತs ಡಾಕ್ಟರಿಗೆ ಫೋನ್ ಮಾಡ್ರಿ, ನಾಚಿಕಿ ಬ್ಯಾಡ ಅಂದೆ.

ಹೊಸಾ ಬರ್ಫ ಅರವ್ಯಾಗ ಸುತ್ತಿ ಮೊಣಕಾಲ ಮ್ಯಾಲ ಇಟ್ಟೆ. ಎತ್ತರಕ್ಕ ಇಡಾಕ ಲೋಡು ಸಿಗಲಿಲ್ಲ. ಮಾಳವ್ವ ಚೀಲ ತರಾಕ ಹೋದ್ಲು. ಅಲ್ಲೀ ತನಕ ಹೆಂಗ ಅಂತ ನಾನs ಮಂಚದ ತುದಿಗೆ ಕುರ್ಚಿ ಎಳಕೊಂಡು, ಅಂವನ ಹಿಮ್ಮಡಿ ಎರಡೂ ಕೈಯಾಗ ಎತ್ತಿ ಹಿಡದೆ. ಭಾರ ಅಂದ್ರ ಭಾರ. ಹೊಲದಾಗ ಅಡ್ಡಾಡಿ ಅಡ್ಡಾಡಿ ಒಡದ ಹಿಮ್ಮಡಿ, ಬಿರುಕಿನ್ಯಾಗ ಕರೀ ಮಣ್ಣು ಇನ್ನೂ ಹೋಗಿಲ್ಲ. ಹೆಬ್ಬೆರಳಿನ ಉಗರು ಶೆಟದು ಆಮಿ ಚಿಪ್ಪಿನಂಗ ಆಗೇತಿ. ಕಾಲು ತೊಳದು ಎಷ್ಟು ದಿನ ಆಗಿತ್ತೋ, ಛೀ. ಹೊಸಾ ಬರ್ಫದ ನೀರು ಅಂವನ ಕಾಲಗುಂಟ ಇಳದು ನನ್ನ ಮುಂಗೈ ಹಿಡದು ಅಂಗಿತೋಳಿನೊಳಗ ಹೋತು.

ಮಾಳವ್ವ ಚೀಲ ಹೊತಗೊಂಡು ಬಂದಾಕಿ ಬಾಗಲದಾಗs ನಿಂತ್ಲು. "ಅಯ್ಯಯ್ಯ, ಬಿಡ್ರಿ ಅಯ್ಯಾರ! ನೀವು ಮುಟ್ಟಬಾರದ್ರಿ, ನಮಗ ಪಾಪ ಹತ್ತತೈತ್ರಿ!"

"ಚೀಲ ಇಳಿಸಿ ಗಡಿಯಾರ ನೋಡವ್ವ" ಅಂದೆ. "ಬರ್ಫ ಇನ್ನ ಹನ್ನೆರಡು ನಿಮಿಷ ಇಡಬೇಕು. ಈಗ ಅಲಗಾಡಿಸಿದ್ರ ಅಂವಗ ನೋವಾಗತೈತಿ."

ಅಕಿಗೆ ಹೊತ್ತಿನ ಲೆಕ್ಕಾನs ತಿಳೀವಲ್ದು. ವ್ಯಾಯಾಮದವರು ಹನ್ನೊಂದಕ್ಕ ಬರತಾರಂತ, ಅಂದ್ರ ಹತ್ತಕ್ಕ ಗುಳಗಿ ಆಗಿರಬೇಕು. ನಾಳೆನೂ ಒಂಬತ್ತರೊಳಗ ಹೋಗಬೇಕು ನಾನು.

ಉಳವಪ್ಪ ಚಾದರ ಹಲ್ಲಿನ್ಯಾಗ ಕಚ್ಚಿಕೊಂಡಿದ್ದ. ಬಿಟ್ಟು, ನನ್ನ ಕಡೆ ನೋಡಿ, "ನೀವೂ ಹಿಂಗs ಒದರಿದ್ರೇನ್ರಿ ಅಯ್ಯಾರ?" ಅಂದ.

"ಇಲ್ಲ" ಅಂದೆ. "ಒದರಬೇಕಿತ್ತು."

ಅಂವ ಮತ್ತ ಒದರಿದ. ಓಣಿ ಎಲ್ಲಾ ಕೇಳೂಹಂಗ.